ಟಿಒಎಫ್ ಆಪರೇಷನ್ ಆಗಿರೋ ಮಗನಿಗೆ ಇಎಫ್ ನಾರ್ಮಲ್ ಇದೆ, ಆದ್ರೂ ಎಂಆರ್‌ಐ ಯಾಕೆ?

ಹಾಸನದಮ್ಮ:
ಎಲ್ರಿಗೂ ನಮಸ್ಕಾರ. ಮಗನಿಗೆ 17 ವರ್ಷ, ಸೆಕೆಂಡ್ ಪಿಯುಸಿ. ಹುಟ್ಟಿದಾಗ ಟೆಟ್ರಾಲಜಿ ಆಫ್ ಫ್ಯಾಲೋ (ಟಿಒಎಫ್) ಅನ್ನೋ ಹೃದಯದ ತೊಂದ್ರೆ ಇತ್ತು, ಅಳೋಕೆ ಶುರು ಮಾಡಿದ್ರೆ ತುಟಿ ಉಗುರು ಎಲ್ಲಾ ನೀಲಿಗಟ್ತಿತ್ತು, ಒಂದೂವರೆ ವರ್ಷಕ್ಕೆ ಬೆಂಗಳೂರಲ್ಲಿ ಓಪನ್ ಹಾರ್ಟ್ ಮಾಡ್ಸಿದ್ವಿ, ಆಮೇಲೆ ದೇವ್ರ ದಯೆ ಏನೂ ತೊಂದ್ರೆ ಇಲ್ಲ. ಈ ಸಲ ಚೆಕಪ್‌ಗೆ ಹೋದಾಗ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟಲ್ಲಿ ಇಎಫ್ 60% ಅಂತ ಇದೆ, ಅದ್ರ ಕೆಳಗೆ "ಸಿವಿಯರ್ ಪಿಆರ್, ಆರ್‌ವಿ ಡೈಲೇಟೆಡ್, ಟ್ಯಾಪ್ಸಿ 15" ಅಂತ ಬರ್ದಿದಾರೆ. ಡಾಕ್ಟ್ರು ಕಾರ್ಡಿಯಾಕ್ ಎಂಆರ್‌ಐ, ಹೋಲ್ಟರ್ (ಮೈಗೆ ಕಟ್ಟಿ ಇಡೀ ದಿನ ಇಸಿಜಿ ತೆಗೆಯೋದು), ಮಾಸ್ಕ್ ಹಾಕ್ಕೊಂಡು ಸೈಕಲ್ ತುಳಿಯೋ ಟೆಸ್ಟು ಮೂರೂ ಬರ್ಕೊಟ್ರು. ಮನೇಲಿ ನಮ್ಮತ್ತೆ ಮಾವ, ಕ್ರಿಕೆಟ್ ಆಡ್ಕೊಂಡು ಗಟ್ಟಿಮುಟ್ಟಾಗಿರೋ ಹುಡುಗನ್ನ ಯಾಕೆ ಸುಮ್ನೆ ಮಷಿನ್ ಒಳಗೆ ಹಾಕ್ತೀರ ಅಂತಾರೆ. ಇಎಫ್ ಚೆನ್ನಾಗಿದ್ರೂ ಇದೆಲ್ಲ ಬೇಕಾ? ಎದೆ ಮೂಳೆಗೆ ವೈರ್ ಹಾಕಿದಾರಲ್ಲ, ಎಂಆರ್‌ಐ ಮಾಡಿದ್ರೆ ಏನೂ ಆಗಲ್ವಾ?

ಎಕೋರೂಮ್:
ಮೇಡಂ, ನಾನು ಎಕೋ ಟೆಕ್ನೀಷಿಯನ್, ಮಕ್ಕಳ ಕೇಸ್ ದಿನಾ ನೋಡ್ತೀನಿ. ಮೊದ್ಲು ಒಂದು ವಿಷ್ಯ, ಇಎಫ್ ಅಂದ್ರೆ ಕೋಣೆ ತನ್ನೊಳಗಿನ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ತಳ್ಳತ್ತೆ ಅನ್ನೋದು, ಆ 60% ಎಡಗಡೆ ಕೋಣೆದು, ಎಲ್‌ವಿದು. ನಿಮ್ಮ ಮಗನ ವಿಷ್ಯದಲ್ಲಿ ಎಲ್ರೂ ಕಣ್ಣಿಟ್ಟಿರೋದು ಬಲಗಡೆ ಕೋಣೆ, ಅಂದ್ರೆ ಆರ್‌ವಿ ಮೇಲೆ. ಟಿಒಎಫ್‌ನಲ್ಲಿ ಶ್ವಾಸಕೋಶಕ್ಕೆ ರಕ್ತ ಹೋಗೋ ದಾರಿನೇ ಕಿರಿದಾಗಿರತ್ತೆ, ಅದನ್ನ ಅಗಲ ಮಾಡೋಕೆ ಎಷ್ಟೋ ಮಕ್ಕಳಿಗೆ ಆ ದಾರಿಲಿರೋ ಪಲ್ಮನರಿ ವಾಲ್ವ್ ಬುಡಾನೇ ಕತ್ತರಿಸಿ ಪ್ಯಾಚ್ ಹಾಕ್ತಾರೆ, ಮಗು ಬದುಕೋದು ಅದ್ರಿಂದಾನೇ. ಆದ್ರೆ ಆಮೇಲೆ ಆ ವಾಲ್ವ್ ಪೂರ್ತಿ ಮುಚ್ಚಲ್ಲ, ಮುಂದಕ್ಕೆ ಹೋದ ರಕ್ತದಲ್ಲಿ ಒಂದಷ್ಟು ಪ್ರತೀ ಬಡಿತಕ್ಕೂ ವಾಪಸ್ ಬರ್ತಿರತ್ತೆ, ರಿಪೋರ್ಟಲ್ಲಿ ಪಿಆರ್ ಅಂತ ಇರೋದು ಅದೇ. ಬಲಗಡೆ ಕೋಣೆ ಅದನ್ನ ವರ್ಷಗಟ್ಲೆ ಸದ್ದಿಲ್ದೆ ತಡ್ಕೊಳತ್ತೆ, ತಡ್ಕೊಂಡು ತಡ್ಕೊಂಡು ದೊಡ್ಡದಾಗತ್ತೆ.

ಎಕೋದಲ್ಲಿ ಅದನ್ನ ಸರಿಯಾಗಿ ಅಳಿಯೋದು ನಿಜವಾಗ್ಲೂ ಕಷ್ಟ. ಎಡಗಡೆದು ಹೆಚ್ಚುಕಮ್ಮಿ ಮೊಟ್ಟೆ ಆಕಾರ, ಲೆಕ್ಕಕ್ಕೆ ಸಿಗತ್ತೆ. ಬಲಗಡೆದು ಎಡಗಡೆದರ ಸುತ್ತ ಸುತ್ಕೊಂಡು ಎದೆಮೂಳೆ ಹಿಂದೆ ಅವಿತಿರತ್ತೆ, ಆಪರೇಷನ್ ಆದ ಎದೇಲಿ ಚಿತ್ರಾನೂ ಮಸುಕು. ಟ್ಯಾಪ್ಸಿ ಅಂದ್ರೆ ಬಲಗಡೆ ವಾಲ್ವ್ ಅಂಚು ಒಂದು ಬಡಿತಕ್ಕೆ ಎಷ್ಟು ಮಿಲಿಮೀಟರ್ ಕೆಳಗೆ ಬರತ್ತೆ ಅನ್ನೋದು, ಸಾಮಾನ್ಯ ಜನಕ್ಕೆ 17ಕ್ಕಿಂತ ಕಡಿಮೆ ಇದ್ರೆ ಕಡಿಮೆ ಅಂತೀವಿ, ಆದ್ರೆ ಟಿಒಎಫ್ ಆಪರೇಷನ್ ಆದೋರಲ್ಲಿ ಅದು ಸಾಮಾನ್ಯವಾಗಿ ಕಡಿಮೆನೇ ಇರತ್ತೆ, ಎಂಆರ್‌ಐಲಿ ಬರೋ ಆರ್‌ವಿ ಇಎಫ್‌ಗೂ ಅದಕ್ಕೂ ಎಷ್ಟೋ ಸಲ ತಾಳೆ ಆಗಲ್ಲ. ಅದೊಂದನ್ನೇ ಹಿಡ್ಕೊಂಡು ಗಾಬರಿ ಆಗ್ಬೇಡಿ. ಸರಿಯಾದ ಲೆಕ್ಕ ಸಿಗೋದು ಎಂಆರ್‌ಐಲೇ. ಎದೆಮೂಳೆ ವೈರ್‌ಗೆ ಏನೂ ಆಗಲ್ಲ, ಆ ಜಾಗದಲ್ಲಿ ಚಿತ್ರ ಸ್ವಲ್ಪ ಕಪ್ಪಾಗತ್ತೆ ಅಷ್ಟೇ. ಪೇಸ್‌ಮೇಕರ್ ಇದ್ರೆ ಅಥವಾ ಅದರ ಹಳೇ ವೈರ್ (ಲೀಡ್) ಒಳಗೆ ಉಳ್ಕೊಂಡಿದ್ರೆ ಮಾತ್ರ ಮೊದ್ಲೇ ಹೇಳ್ಬೇಕು, ಆಪರೇಷನ್ ನೋಟ್ಸ್ ತಗೊಂಡ್ಹೋಗಿ.

ಹುಬ್ಳಿಹುಡ್ಗ:
ಅಕ್ಕಾರ ನಂದೂ ಇದ ಕೇಸ್ ಐತ್ರಿ, ನಂಗೀಗ 34. ಆರಾಮ ಅದೀನಿ ಅಂತ ನಾನೂ ಹೇಳ್ತಿದ್ದೆ, ಸುಳ್ಳೇನೂ ಅಲ್ಲ ಅದು, ಯಾಕಂದ್ರ ನಮಗ ಸಣ್ಣಾಂದಿರತ ಇದ್ದ ದಮ್ಮ ಅಷ್ಟ, ಅದ ನಾರ್ಮಲ್ ಅಂತ ತಿಳ್ಕೊಂಡಿರ್ತೀವಿ, ಎರಡು ರನ್ ಓಡೋ ಕಡೆ ಒಂದ ಓಡಿ ನಿಂತ್ರೂ ಯಾರಿಗೂ ಗೊತ್ತಾಗಂಗಿಲ್ಲ. ಸೈಕಲ್ ಟೆಸ್ಟಿನ್ಯಾಗ ಮಾಸ್ಕ್ ಕಟ್ಟಿ ನಾವು ಎಷ್ಟು ಆಕ್ಸಿಜನ್ ತಗೋತೀವಿ ಅಂತ ಅಳೀತಾರ, ನಂದು ನನ್ನ ವಯಸ್ಸಿನವ್ರಿಗೆ ಇರಬೇಕಾದ್ದಕ್ಕಿಂತ ಭಾಳ ಕಡಿಮಿ ಬಂತು. ಅವತ್ತ ಮನಿಮಂದಿಗೆ ಖರೇ ತಿಳೀತು. ಆಮ್ಯಾಲೆ ಹೊಸಾ ವಾಲ್ವ್ ಕುಂಡ್ರಿಸಿದ್ರು.

ಎಂಆರ್‌ಐ ಬಗ್ಗೆ ಹುಡುಗಗ ಮೊದಲ ಹೇಳಿ ಇಡ್ರಿ. ಮುಕ್ಕಾಲು ತಾಸಿಂದ ಒಂದ ತಾಸು ಒಳಗ ಮಲಗಬೇಕು, ಹೆಡ್‌ಫೋನಿನ್ಯಾಗ "ಉಸಿರು ತಗೋರಿ, ಬಿಡ್ರಿ, ಹಂಗ ಹಿಡೀರಿ" ಅಂತಾರ, ಬಿಟ್ಟ ಮ್ಯಾಲೆ ಹಿಡಿಯೋದು, ಹತ್ತು ಹದಿನೈದು ಸೆಕೆಂಡು, ಮತ್ತ ಮತ್ತ. ಅದ ತ್ರಾಸ. ಮನ್ಯಾಗ ನಾಕು ದಿನ ಪ್ರಾಕ್ಟೀಸ್ ಮಾಡಸ್ರಿ, ಉಸಿರು ತಪ್ಪಿದ್ರ ಚಿತ್ರ ಕೆಡ್ತೈತಿ, ಲೆಕ್ಕಾನೂ ಕೆಡ್ತೈತಿ.

ಹಾಸನದಮ್ಮ:
ಇಬ್ರಿಗೂ ತುಂಬಾ ಥ್ಯಾಂಕ್ಸ್, ಯಾರೂ ಇಷ್ಟು ಬಿಡಿಸಿ ಹೇಳಿರ್ಲಿಲ್ಲ. ಹಾಗಾದ್ರೆ ಎಂಆರ್‌ಐಲಿ ಎಷ್ಟು ಬಂದ್ರೆ ವಾಲ್ವ್ ಹಾಕ್ಬೇಕು ಅಂತಾರೆ? ಮತ್ತೆ ಎದೆ ತೆರೀಬೇಕಾ? ಈಗ್ಲೇ ಹಾಕಿಸ್ಬಿಟ್ರೆ ಒಳ್ಳೇದಲ್ವಾ?

ಪಿಜಿಡಾಕ್ಟ್ರು:
ಕಾರ್ಡಿಯಾಲಜಿ ಟ್ರೈನಿಂಗಲ್ಲಿದೀನಿ, ನಿಮ್ಮ ಡಾಕ್ಟ್ರು ಹೇಳಿದ್ದೇ ಕೊನೆ ಮಾತು ಅಂತ ಇಟ್ಕೊಂಡು ಓದಿ. ದೇಹದ ಮೇಲ್ಮೈ ವಿಸ್ತೀರ್ಣಕ್ಕೆ ಸರಿಯಾಗಿ ಲೆಕ್ಕ ಹಾಕಿದಾಗ ಬಲಗಡೆ ಕೋಣೆ ತುಂಬಿದಾಗಿನ ಅಳತೆ ಚದರ ಮೀಟರಿಗೆ 160 ಎಂಎಲ್ ಆಸುಪಾಸು, ಹಿಂಡಿದ ಮೇಲೆ ಉಳಿಯೋದು 80 ಎಂಎಲ್ ಆಸುಪಾಸು ಬಂದ್ರೆ ವಾಲ್ವ್ ಮಾತು ಬರತ್ತೆ. ಅದಕ್ಕಿಂತ ತುಂಬಾ ಮುಂದೆ ಹೋಗೋಕೆ ಬಿಟ್ರೆ ವಾಲ್ವ್ ಹಾಕಿದ್ರೂ ಕೋಣೆ ಮಾಮೂಲು ಅಳತೆಗೆ ವಾಪಸ್ ಬರೋದು ಕಷ್ಟ. ಹಂಗಂತ ಮೊದ್ಲೇ ಹಾಕಿಸೋದೂ ಸರಿಯಲ್ಲ, ಟಿಶ್ಯೂ ವಾಲ್ವ್ (ಜೀವಕೋಶದ ಪೊರೆಯಿಂದ ಮಾಡಿದ್ದು) ಸಾಮಾನ್ಯವಾಗಿ 10-15 ವರ್ಷ ಬರತ್ತೆ, ಚಿಕ್ಕ ವಯಸ್ಸಲ್ಲಿ ಇನ್ನೂ ಬೇಗ ಸವೆಯತ್ತೆ, ಒಂದೊಂದು ಸಲ ಬದಲಾಯಿಸೋದೂ ಒಂದೊಂದು ಆಪರೇಷನ್ನೇ. ಅದಕ್ಕೇ ಈ ಅಳತೆಗಳು, ಸರಿಯಾದ ಹೊತ್ತು ಹಿಡಿಯೋಕೆ. ಎದೆ ತೆರೆಯದೇ ಕಾಲಿನ ರಕ್ತನಾಳದಿಂದ ವಾಲ್ವ್ ಕೂರಿಸೋದು 2000ದಿಂದ ಇದೆ, ಪ್ಯಾರಿಸ್‌ನಲ್ಲಿ ಫಿಲಿಪ್ ಬೋನ್‌ಹೋಫರ್ ಮೊದಲು ಮಾಡಿದ್ದು. ಎಲ್ರಿಗೂ ಹೊಂದಲ್ಲ, ಶ್ವಾಸಕೋಶಕ್ಕೆ ರಕ್ತ ಹೋಗೋ ಆ ದಾರಿ ಆಕಾರ ನೋಡಿ ಹೇಳ್ತಾರೆ.

ಇಸಿಜಿ ಮರೀಬೇಡಿ. ಈ ಆಪರೇಷನ್ ಆದ ತುಂಬಾ ಜನರಲ್ಲಿ ಹೃದಯದ ಕೆಳಗಿನ ಕೋಣೆಗಳು ಬಡಿಯೋವಾಗ ಬರೋ ಅಲೆ, ಅಂದ್ರೆ ಕ್ಯೂಆರ್‌ಎಸ್ ಅಗಲ ಇರತ್ತೆ, 180 ಮಿಲಿಸೆಕೆಂಡ್ ದಾಟಿದ್ರೆ ಅಪಾಯದ ಲಯ ತಪ್ಪೋ ಸಾಧ್ಯತೆ ಜಾಸ್ತಿ ಅಂತ ನೋಡ್ತೀವಿ, ಹೋಲ್ಟರ್ ಬರೆದಿರೋದೂ ಲಯ ನೋಡೋಕೆ. ಎದೆ ಡವಡವ ಅಂದು ಕಣ್ಣು ಕತ್ತಲೆ ಬಂದ್ರೆ, ತಲೆ ಸುತ್ತಿ ಬಿದ್ರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೂ ಕಾಯ್ಬೇಡಿ, ಅವತ್ತೇ ಹೋಗಿ. ಎಲ್‌ವಿ ಕಡೆನೂ ಗಮನ ಇರ್ಲಿ, ಎರಡೂ ಕೋಣೆಗೆ ಮಧ್ಯದ ಗೋಡೆ ಒಂದೇ, ಬಲಗಡೆದು ಹಿಗ್ಗಿದ್ರೆ ಎಡಗಡೆದೂ ಸೋಲಬಹುದು.

ಇನ್ನೊಂದು, 18 ಆದ್ಮೇಲೆ ಮಕ್ಕಳ ವಿಭಾಗದವ್ರು ನೋಡಲ್ಲ ಅಂತಾರೆ, ಆಗ್ಲೇ ಎಷ್ಟೋ ಹುಡುಗ್ರು ಫಾಲೋಅಪ್ ಬಿಟ್ಬಿಡೋದು. ಅಡಲ್ಟ್ ಕಂಜೆನಿಟಲ್ (ಹುಟ್ಟಿನಿಂದ ಹೃದಯದ ತೊಂದ್ರೆ ಇರೋ ದೊಡ್ಡವ್ರನ್ನ) ನೋಡೋರು ಯಾರು ಅಂತ ಈಗ್ಲೇ ಕೇಳಿ ಫೈಲಲ್ಲಿ ಬರೆಸಿಕೊಳ್ಳಿ. ಎಂಆರ್‌ಐ ಸಿಡಿ ಕೇಳಿ ತಗೊಳ್ಳಿ, ಸಾಧ್ಯ ಆದ್ರೆ ಪ್ರತೀ ಸಲ ಒಂದೇ ಕಡೆ ಮಾಡ್ಸಿ, ಹೋದ ಸಲಕ್ಕೂ ಈ ಸಲಕ್ಕೂ ಎಷ್ಟು ಬದಲಾಗಿದೆ ಅನ್ನೋದೇ ನಮಗೆ ಮುಖ್ಯ.

ಹಾಸನದಮ್ಮ:
ಸರ್, ಅಲ್ಲೀವರ್ಗೂ ಕ್ರಿಕೆಟ್?

ಪಿಜಿಡಾಕ್ಟ್ರು:
ಟೆಸ್ಟೆಲ್ಲ ಮುಗಿಯೋವರ್ಗೂ ಮ್ಯಾಚ್ ಬೇಡ, ನಡೆಯೋದು, ಆರಾಮಾಗಿ ಸೈಕಲ್ ಹೊಡೆಯೋದು ಮಾಡ್ಲಿ. ಏನು ಎಷ್ಟು ಆಡ್ಬಹುದು ಅಂತ ಆ ಮಾಸ್ಕ್ ಟೆಸ್ಟು, ಹೋಲ್ಟರ್ ನೋಡಿ ನಿಮ್ಮ ಡಾಕ್ಟ್ರೇ ಹೇಳ್ತಾರೆ, ಕೇಳೋಕೆ ಮರೀಬೇಡಿ.