ಆಗ್ನೇಯ ಏಷ್ಯಾ ದೇಶಗಳ ಕೂಟ ಆಸಿಯಾನ್‌ನಿಂದ ನಿಜಕ್ಕೂ ಏನಾದರೂ ಉಪಯೋಗ ಇದೆಯಾ?

ನಕ್ಷೆಪ್ರಿಯ:
ದಕ್ಷಿಣ ಚೀನಾ ಸಮುದ್ರದ ಸುದ್ದಿ ಓದಿದಾಗಲೆಲ್ಲ ಬರುವ ಅನುಮಾನ. 2012ರಲ್ಲಿ ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್‌ನಲ್ಲಿ ಆಸಿಯಾನ್ ವಿದೇಶಾಂಗ ಸಚಿವರು ಸೇರಿದರು, ಒಂದು ಜಂಟಿ ಹೇಳಿಕೆ ಕೂಡ ಹೊರಡಿಸಲು ಆಗಲಿಲ್ಲ. 45 ವರ್ಷದಲ್ಲಿ ಅದೇ ಮೊದಲು. ಚೀನಾ ಜೊತೆ ಜಗಳವಿರುವ ಸ್ಕಾರ್ಬರೋ ದಿಬ್ಬದ ಹೆಸರು ಹಾಕಿ ಅಂತ ಫಿಲಿಪ್ಪೀನ್ಸ್, ಬೇಡ ಅಂತ ಅಧ್ಯಕ್ಷ ಸ್ಥಾನದಲ್ಲಿದ್ದ ಕಾಂಬೋಡಿಯಾ. ಎಲ್ಲರೂ ಒಪ್ಪಿದರೆ ಮಾತ್ರ ಕೆಲಸ ಅನ್ನುವ ಕೂಟ ಅಮೆರಿಕ-ಚೀನಾ ಮಧ್ಯೆ ಏನು ಮಾಡೀತು?

ಹಡಗುಕಟ್ಟೆ:
ಸಭೆಗಳನ್ನು ಬಿಟ್ಟು ಇಂಡೋನೇಷ್ಯಾ-ಮಲೇಷ್ಯಾ ನಡುವಿನ ಹಡಗು ದಾರಿ ಮಲಕ್ಕಾ ಜಲಸಂಧಿ ನೋಡಿ ಸರ್. 2004ರಲ್ಲಿ ಅಲ್ಲಿ ಕಡಲ್ಗಳ್ಳರ ಕಾಟ ಜಾಸ್ತಿ ಇತ್ತು, ಕಾವಲಿಗೆ ನಾವೂ ಬರುತ್ತೇವೆ ಎಂಬ ಮಾತು ಅಮೆರಿಕದಿಂದ ಬಂತು. ಇಂಡೋನೇಷ್ಯಾ, ಮಲೇಷ್ಯಾ ಬೇಡವೆಂದವು. ಆದರೆ ಸುಮ್ನೆ ಬೇಡ ಅಂದು ಕೂರಲಿಲ್ಲ, ಅದೇ ವರ್ಷ ಸಿಂಗಾಪುರವನ್ನೂ ಸೇರಿಸಿಕೊಂಡು ತಾವೇ ಗಸ್ತು ಶುರು ಮಾಡಿದವು, ಪ್ರತಿ ದೇಶದ ಹಡಗು ತನ್ನ ನೀರಿನಲ್ಲೇ ಓಡಾಡಬೇಕು, ಮಾಹಿತಿ ಮಾತ್ರ ಎಲ್ಲರಿಗೂ. ಮರುವರ್ಷ ವಿಮಾನ ಗಸ್ತು ಬಂತು, ಅದರಲ್ಲಿ ಒಂದೇ ವಿಮಾನದಲ್ಲಿ ಬೇರೆ ಬೇರೆ ದೇಶದ ಅಧಿಕಾರಿಗಳು. 2005ರಲ್ಲಿ ಲಂಡನ್ನಿನ ಹಡಗು ವಿಮೆಯವರು ಈ ಜಲಸಂಧಿಯನ್ನು ಯುದ್ಧಾಪಾಯದ ಪಟ್ಟಿಗೆ ಸೇರಿಸಿದ್ದರು, 2006ರಲ್ಲಿ ತೆಗೆದರು. 2008ಕ್ಕೆ ಥಾಯ್ಲೆಂಡ್ ಕೂಡ ಬಂತು. ಹೊರಗಿನವರು ಬರಲು ನೆಪವೇ ಉಳಿಯಲಿಲ್ಲ.

ಉಪ್ಪುನೀರು:
ಒಳ್ಳೆ ಉದಾಹರಣೆ, ಆದರೆ ಕಡಲ್ಗಳ್ಳರಿಗೆ ನೌಕಾಪಡೆ ಇಲ್ಲವಲ್ಲ! ಚೀನಾಗೆ ಇದೆ. 2016ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ದಕ್ಷಿಣ ಚೀನಾ ಸಮುದ್ರದ ವಿಷಯದಲ್ಲಿ ಫಿಲಿಪ್ಪೀನ್ಸ್ ಪರ ತೀರ್ಪು ಕೊಟ್ಟಿತು, ಚೀನಾ ಒಪ್ಪಲಿಲ್ಲ. ಕೊನೆಗೆ ಫಿಲಿಪ್ಪೀನ್ಸ್ ನಮ್ಮಿಂದ ಬ್ರಹ್ಮೋಸ್ ಕ್ಷಿಪಣಿ ಕೊಂಡಿತು, ಅಮೆರಿಕದ ಸೈನ್ಯಕ್ಕೆ ಇನ್ನಷ್ಟು ನೆಲೆ ತೆರೆಯಿತು.

ಹಡಗುಕಟ್ಟೆ:
ಅದು ನಿಜ. ಗಸ್ತಿನಿಂದ ಚೀನಾ ಹಿಂದೆ ಸರಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಇಂಡೋನೇಷ್ಯಾ-ವಿಯೆಟ್ನಾಂ ಸಮುದ್ರ ಗಡಿ ಒಪ್ಪಂದ ನೋಡಿ. ಹನ್ನೆರಡು ವರ್ಷ ಮಾತಾಡಿ 2022ರ ಡಿಸೆಂಬರ್‌ನಲ್ಲಿ ಗೆರೆ ಒಪ್ಪಿಕೊಂಡರು, ಅದೂ ಚೀನಾ ತನ್ನದೆನ್ನುವ ನೀರಿನ ಪಕ್ಕದಲ್ಲೇ. ತಮ್ಮ ತಮ್ಮಲ್ಲಿ ಜಗಳ ಇದ್ದರೆ ದೊಡ್ಡವರಿಗೆ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಮಾತಾಡಿಸುವುದು ಸುಲಭ, ಅಲ್ವಾ?

ಹಾಲುಡೈರಿ:
ವ್ಯಾಪಾರದಲ್ಲೂ ಹೀಗೆಯೇ. 2017ರಲ್ಲಿ ಟ್ರಂಪ್ ಟಿಪಿಪಿ (ಪೆಸಿಫಿಕ್ ಸುತ್ತಲಿನ ಹನ್ನೆರಡು ದೇಶಗಳ ವ್ಯಾಪಾರ ಒಪ್ಪಂದ) ಬಿಟ್ಟಾಗ ಕಥೆ ಮುಗಿಯಿತು ಅಂದುಕೊಂಡಿದ್ದೆವು. ಜಪಾನ್ ತಾನೂ ಸೇರಿ ಉಳಿದ ಹನ್ನೊಂದು ದೇಶಗಳನ್ನು ಹಿಡಿದಿಟ್ಟುಕೊಂಡಿತು, 2018ರ ಮಾರ್ಚ್‌ನಲ್ಲಿ ಚಿಲಿಯಲ್ಲಿ ಸಹಿ ಆಯಿತು. ಅಮೆರಿಕಕ್ಕೆ ಬೇಕಾಗಿದ್ದ ಕೆಲವು ಷರತ್ತುಗಳನ್ನು ತಡೆಹಿಡಿದರು, ಅಷ್ಟೇ. ನಾವು 2019ರಲ್ಲಿ ಆರ್‌ಸಿಇಪಿಯಿಂದ (ಆಸಿಯಾನ್, ಚೀನಾ, ನ್ಯೂಜಿಲೆಂಡ್ ಮೊದಲಾದವರ ವ್ಯಾಪಾರ ಒಪ್ಪಂದ) ಹೊರಬಂದದ್ದು ಬೇರೆ ವಿಷಯ, ನ್ಯೂಜಿಲೆಂಡ್ ಹಾಲಿನ ಪುಡಿ ಬಂದರೆ ನಮ್ಮ ರೈತರ ಗತಿ ಏನು ಅನ್ನುವ ಭಯ ಸುಳ್ಳಲ್ಲ.

ನಕ್ಷೆಪ್ರಿಯ:
ಹಾಗಾದರೆ ಆಸಿಯಾನ್‌ನ ಎಲ್ಲ ದೇಶ ಒಟ್ಟಿಗೆ ಕೂರುವುದಕ್ಕಿಂತ ಬೇಕಾದವರಷ್ಟೇ ಸೇರಿದ ಕಡೆ ಕೆಲಸ ಆಗಿದೆ. ಮಲಕ್ಕಾ ಗಸ್ತಿನ ಬಗ್ಗೆ ಓದಲು ಎಲ್ಲಿಂದ ಶುರು ಮಾಡಲಿ?