ಇನ್ಫಿನಿಟಿ ವಾರ್: ಇಷ್ಟೊಂದು ನಾಯಕರ ಭಾರವನ್ನು ಆ ಚಿತ್ರ ಹೊತ್ತಿತೇ?

ಹಿಂದಿನಸಾಲು (ಪ್ರಶ್ನೆ)

ರುಸ್ಸೋ ಸಹೋದರರು ನಿರ್ದೇಶಿಸಿದ ‘ಅವೆಂಜರ್ಸ್: ಇನ್ಫಿನಿಟಿ ವಾರ್’ ಚಿತ್ರವನ್ನು 2018ರ ಏಪ್ರಿಲ್‌ನಲ್ಲಿ ಚಿತ್ರಮಂದಿರದಲ್ಲಿ ನೋಡಿ ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ಕಳೆದ ವಾರ ಅದನ್ನೇ ಮನೆಯಲ್ಲಿ ಅಕ್ಕನೊಂದಿಗೆ ಕುಳಿತು ಮತ್ತೊಮ್ಮೆ ನೋಡಿದೆ. ಅಕ್ಕ ಈ ಮಾರ್ವೆಲ್ ಸೂಪರ್‌ಹೀರೋ ಸರಣಿಯ ಯಾವ ಚಿತ್ರವನ್ನೂ ಮೊದಲು ನೋಡಿದವಳಲ್ಲ. ಚಿತ್ರ ಆರಂಭವಾಗುವುದೇ ಹೊತ್ತಿ ಉರಿಯುತ್ತಿರುವ ಬಾಹ್ಯಾಕಾಶ ಹಡಗಿನಲ್ಲಿ, ಹೆಣಗಳ ನಡುವೆ. ಪ್ರೇಕ್ಷಕರು ಕುರ್ಚಿಯಲ್ಲಿ ಸರಿಯಾಗಿ ಕೂರುವಷ್ಟರಲ್ಲಿ ಹಿಂದಿನ ಚಿತ್ರಗಳಿಂದ ಬಂದ ಹೈಮ್‌ಡಾಲ್ ಮತ್ತು ಲೋಕಿ ಇಬ್ಬರೂ ಸತ್ತಿರುತ್ತಾರೆ. “ಇವನು ಯಾರು? ಸತ್ತದ್ದಕ್ಕೆ ನಾನು ಮರುಗಬೇಕೋ ಬೇಡವೋ?” ಎಂದು ಅಕ್ಕ ಕೇಳಿದಳು. ಹಿಂದಿನ ಕತೆಯನ್ನು ಮೂರು ವಾಕ್ಯಗಳಲ್ಲಿ ಹೇಳಿ ಮುಗಿಸಲು ಹೋಗಿ ಮುಂದಿನ ದೃಶ್ಯವೂ ಇಬ್ಬರಿಗೂ ತಪ್ಪಿಹೋಯಿತು.

2008ರಲ್ಲಿ ಆರಂಭವಾದ ಸರಣಿಯಲ್ಲಿ ಇದು ಹತ್ತೊಂಬತ್ತನೆಯ ಚಿತ್ರ. ನನ್ನ ಪ್ರಶ್ನೆ ಇಷ್ಟು: ಅಂದು ನಮಗಾದ ಸಂತೋಷ ಈ 149 ನಿಮಿಷಗಳ ಚಿತ್ರದ ಸ್ವಂತ ಸಂಪಾದನೆಯೋ, ಅಥವಾ ಹಿಂದಿನ ಹದಿನೆಂಟು ಚಿತ್ರಗಳು ಕೂಡಿಟ್ಟ ಗಂಟಿನಿಂದ ಎತ್ತಿ ಖರ್ಚು ಮಾಡಿದ್ದೋ? ಚಿತ್ರವನ್ನು ಗಮನವಿಟ್ಟು ನೋಡಿದವರು ದಯವಿಟ್ಟು ಬರೆಯಿರಿ.

ಕತ್ತರಿಕೋಣೆ

ಗಂಟಿನಿಂದ ಖರ್ಚು ಮಾಡಿದ್ದು ನಿಜ, ಆದರೆ ಬೇಕಾಬಿಟ್ಟಿ ಖರ್ಚು ಮಾಡಿಲ್ಲ ಎಂಬುದು ನನ್ನ ಅಭಿಪ್ರಾಯ. ಇಪ್ಪತ್ತಕ್ಕೂ ಹೆಚ್ಚು ಮುಖ್ಯ ಪಾತ್ರಗಳನ್ನು ಒಂದೇ ಕಡೆ ಸೇರಿಸಿದರೆ ಯಾರ ಕತೆಯನ್ನು ಹೇಳಬೇಕು ಎಂಬ ಸಮಸ್ಯೆಗೆ ಚಿತ್ರಕಥೆ ಬರೆದ ಕ್ರಿಸ್ಟೋಫರ್ ಮಾರ್ಕಸ್ ಮತ್ತು ಸ್ಟೀಫನ್ ಮೆಕ್‌ಫೀಲಿ ಕಂಡುಕೊಂಡ ಉಪಾಯವೆಂದರೆ, ನಾಯಕರಲ್ಲಿ ಯಾರ ಕತೆಯನ್ನೂ ಮುಖ್ಯವಾಗಿಸದೆ ಖಳನ ಕತೆಯನ್ನು ಹೇಳುವುದು. ಅತಿ ಹೆಚ್ಚು ಹೊತ್ತು ತೆರೆಯ ಮೇಲಿರುವವನು ಥಾನೋಸ್. ವಿಶ್ವದ ಅರ್ಧ ಜೀವಗಳನ್ನು ಅಳಿಸುವ ಗುರಿ ಇಟ್ಟುಕೊಂಡು ಹೊರಡುವವನು, ದಾರಿಯಲ್ಲಿ ಪ್ರಿಯವಾದದ್ದನ್ನು ಕಳೆದುಕೊಳ್ಳುವವನು, ಕೊನೆಗೆ ಅಂದುಕೊಂಡದ್ದನ್ನು ಸಾಧಿಸಿ ಗುಡಿಸಲಿನ ಮುಂದೆ ಕುಳಿತು ಸೂರ್ಯೋದಯ ನೋಡುವವನು ಅವನೇ. ಅದಕ್ಕೆ ಬೇಕಾದ ಶಕ್ತಿ ಕೊಡುವ ಆರು ಮಣಿಗಳು ಅವನ ದಾರಿಯ ಮೈಲಿಗಲ್ಲುಗಳು. ಮಿಕ್ಕವರೆಲ್ಲ ಆ ದಾರಿಗೆ ಅಡ್ಡ ಬರುವವರು. ಆದ್ದರಿಂದಲೇ ಕತೆ ನ್ಯೂಯಾರ್ಕ್‌, ಎಡಿನ್‌ಬರೊ, ಟೈಟನ್ ಗ್ರಹ, ಆಫ್ರಿಕಾದ ಕಾಲ್ಪನಿಕ ದೇಶ ವಕಾಂಡಾ ಎಂದು ಎಲ್ಲಿಗೆ ಹಾರಿದರೂ ದಾರ ಕೈತಪ್ಪುವುದಿಲ್ಲ.

ಎರಡನೆಯ ಗುಣ ಜೋಡಿಗಳ ಆಯ್ಕೆ. ಹಳೆಯ ಗೆಳೆಯರನ್ನೇ ಮತ್ತೆ ಜೊತೆಯಲ್ಲಿ ನಿಲ್ಲಿಸದೆ, ಪರಸ್ಪರ ಪರಿಚಯವೇ ಇಲ್ಲದವರನ್ನು ಒಂದೊಂದು ಇಕ್ಕಟ್ಟಾದ ಜಾಗದಲ್ಲಿ ಕೂಡಿಹಾಕಿದ್ದಾರೆ. ಗುಡುಗಿನ ದೇವರು ಥಾರ್ ಮತ್ತು ಮಾತನಾಡುವ ರಕೂನ್ ರಾಕೆಟ್ ಪುಟ್ಟ ನೌಕೆಯಲ್ಲಿ ಹೋಗುವ ದೃಶ್ಯವನ್ನು ಮತ್ತೊಮ್ಮೆ ನೋಡಿ. ತಾಯಿ, ತಂದೆ, ತಮ್ಮ, ಆಪ್ತ ಸ್ನೇಹಿತ ಎಂದು ಥಾರ್ ಸತ್ತವರ ಲೆಕ್ಕ ಕೊಡುತ್ತಾನೆ. ಮುಖದ ಮೇಲೆ ಜಂಬದ ನಗುವೊಂದು ಅಂಟಿಕೊಂಡೇ ಇರುತ್ತದೆ, ಆದರೆ ಉಳಿದಿರುವ ಒಂದೇ ಕಣ್ಣು ಒದ್ದೆಯಾಗಿರುತ್ತದೆ. ಎಲ್ಲರನ್ನೂ ಅಣಕಿಸುವ ರಾಕೆಟ್ ಆ ಹೊತ್ತಿನಲ್ಲಿ ಅಣಕಿಸುವುದಿಲ್ಲ. ಎಲ್ಲಿಂದಲೋ ಹೊಡೆದುಕೊಂಡು ಬಂದ ಕೃತಕ ಕಣ್ಣೊಂದನ್ನು ಅವನ ಕೈಗಿಡುತ್ತಾನೆ. ನಿಮ್ಮ ಅಕ್ಕನವರಿಗೆ ಥಾರ್ ಯಾರೆಂದು ತಿಳಿಯದಿದ್ದರೂ ಈ ದೃಶ್ಯ ತಿಳಿದಿರಬೇಕು.

ತಂತ್ರದ ಬಗ್ಗೆ ಒಂದೇ ಮಾತು. ಜೋಶ್ ಬ್ರೋಲಿನ್ ಅವರ ಮುಖದ ಎದುರು ಪುಟ್ಟ ಕ್ಯಾಮೆರಾಗಳನ್ನು ಕಟ್ಟಿ ಸೆರೆಹಿಡಿದ ಚಲನೆಯನ್ನು ಆ ನೇರಳೆ ಮುಖಕ್ಕೆ ತಂದ ಬಗೆ ಅಪರೂಪದ್ದು. ಆ ಮುಖಕ್ಕೆ ದಣಿವು ಎಂಬುದು ಬಾರದೆ ಹೋಗಿದ್ದರೆ ಮೇಲೆ ಹೇಳಿದ ಉಪಾಯವೆಲ್ಲ ನೀರಿನಲ್ಲಿ ಹೋಮವಾಗುತ್ತಿತ್ತು.

ಬಣ್ಣದವೇಷ

ಕತ್ತರಿಕೋಣೆಯವರು ಹೇಳಿದ ಗುಣವೇ ಚಿತ್ರದ ದೋಷವೂ ಹೌದು ಎಂಬುದು ನನ್ನ ತಕರಾರು. ನಮ್ಮ ಕಡೆ ಯಕ್ಷಗಾನದ ಕೂಡಾಟ ನೋಡಿದವರಿಗೆ ಇದು ಹೊಸತಲ್ಲ: ಎರಡು ಮೂರು ಮೇಳಗಳ ಹೆಸರಾಂತ ಕಲಾವಿದರು ಒಂದೇ ರಂಗಸ್ಥಳಕ್ಕೆ ಬಂದಾಗ ಪ್ರತಿಯೊಬ್ಬರಿಗೂ ಒಂದು ಪ್ರವೇಶ, ಒಂದು ಪದ್ಯ, ಒಂದು ಚಪ್ಪಾಳೆ ಎಂದು ಹಂಚಬೇಕಾಗುತ್ತದೆ. ಎಡಿನ್‌ಬರೊದ ವೇವರ್ಲಿ ನಿಲ್ದಾಣದಲ್ಲಿ ರೈಲು ಹಾದುಹೋದ ಮೇಲೆ ಆಚೆಯ ಕತ್ತಲಿನಲ್ಲಿ ಕ್ಯಾಪ್ಟನ್ ಅಮೆರಿಕಾ, ಅಂದರೆ ಸ್ಟೀವ್ ರೋಜರ್ಸ್‌ನ ಆಕೃತಿ ಕಾಣಿಸುವುದು ನಿಸ್ಸಂದೇಹವಾಗಿ ಸೊಗಸಾದ ಪ್ರವೇಶ. ಅದಾದ ಮೇಲೆ ಆತ ಈ ಚಿತ್ರದಲ್ಲಿ ಮಾಡಿದ್ದೇನು? ಹೊಡೆದ, ಓಡಿದ, ಥಾನೋಸ್‌ನ ಕೈಯನ್ನು ಒಂದು ಕ್ಷಣ ತಡೆದು ಹಿಡಿದ. ಹಿಂದಿನ ಒಂದು ಚಿತ್ರದಲ್ಲಿ ಐರನ್ ಮ್ಯಾನ್ ಆದ ಸ್ಟಾರ್ಕ್‌ನೊಂದಿಗೆ ಅಷ್ಟು ದೊಡ್ಡ ಜಗಳ ಮಾಡಿಕೊಂಡವನು ಇಲ್ಲಿ ಅವನನ್ನು ಭೇಟಿಯೇ ಆಗುವುದಿಲ್ಲ. ಒಡ್ಡೋಲಗದ ಪ್ರವೇಶ ಸಿಕ್ಕಿತು, ಪಾತ್ರ ಸಿಗಲಿಲ್ಲ.

ವಿಜ್ಞಾನಿ ಬ್ಯಾನರ್ ತಾಳುವ ದೈತ್ಯರೂಪವಾದ ಹಲ್ಕ್‌ನದು ಇನ್ನೂ ಅನ್ಯಾಯ. ಆರಂಭದಲ್ಲಿಯೇ ಥಾನೋಸ್‌ನಿಂದ ಪೆಟ್ಟು ತಿಂದವನು ಆಮೇಲೆ ಬ್ಯಾನರ್ ಎಷ್ಟು ಕರೆದರೂ ಹೊರಗೆ ಬರಲು ಒಪ್ಪುವುದಿಲ್ಲ. ಭಯವೋ, ಮುನಿಸೋ, ಅವಮಾನವೋ ಎಂದು ಕೆದಕಿದ್ದರೆ ಅದೊಂದೇ ಎಳೆ ಸಾಕಿತ್ತು. ಚಿತ್ರ ಅದನ್ನು ನಗೆಚಾಟಿಕೆಯಾಗಿಸಿ ಕೈಬಿಟ್ಟಿದೆ. ಕೊನೆಯ ವಕಾಂಡಾ ಯುದ್ಧದಲ್ಲಿ ಹಲ್ಕ್‌ಬಸ್ಟರ್ ಕವಚದ ಮೇಲೆ ಬ್ಯಾನರ್‌ನ ತಲೆ ಅಂಟಿಸಿದ ಹಾಗೆ ತೇಲುವುದನ್ನು ಕಂಡರೆ, ಥಾನೋಸ್‌ನ ಮುಖಕ್ಕೆ ಪಟ್ಟ ಶ್ರಮದಲ್ಲಿ ಒಂದು ಪಾಲನ್ನಾದರೂ ಇಲ್ಲಿಗೆ ಉಳಿಸಬಾರದಿತ್ತೇ ಎನ್ನಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಆಕ್ಷೇಪ ಥಾನೋಸ್‌ನ ವಾದದ ಬಗ್ಗೆ. 1991ರ ಮೂಲ ಕಾಮಿಕ್ಸ್‌ನಲ್ಲಿ ಅವನು ಅರ್ಧ ಜೀವಕೋಟಿಯನ್ನು ಅಳಿಸುವುದು ಮೃತ್ಯುದೇವಿಯನ್ನು ಒಲಿಸಿಕೊಳ್ಳುವುದಕ್ಕಾಗಿ. ಅದು ಹುಚ್ಚು, ಹುಚ್ಚೆಂದೇ ಕತೆ ಒಪ್ಪಿಕೊಂಡಿತ್ತು. ಚಿತ್ರದಲ್ಲಿ ಅದೇ ಕೃತ್ಯಕ್ಕೆ ಸಂಪನ್ಮೂಲಗಳ ಕೊರತೆ ಎಂಬ ಅರ್ಥಶಾಸ್ತ್ರದ ಅಂಗಿ ತೊಡಿಸಿದ್ದಾರೆ. ಅಂಗಿ ತೊಡಿಸಿದ ಮೇಲೆ ಅಳತೆ ನೋಡಬೇಕಲ್ಲವೇ? ಭೂಮಿಯ ಜನಸಂಖ್ಯೆ 1970ರಲ್ಲಿ ಸುಮಾರು 370 ಕೋಟಿ, ಚಿತ್ರ ಬಂದ 2018ರಲ್ಲಿ ಸುಮಾರು 760 ಕೋಟಿ. ಎಂದರೆ ಅರ್ಧ ಜನರನ್ನು ಅಳಿಸಿದರೆ ನಾವು ಹಿಂದಿರುಗುವುದು 1970ರ ಆಸುಪಾಸಿಗೆ. ಹಿಂದಿನ ವೇಗದಲ್ಲಿಯೇ ಬೆಳೆದರೆ ಐವತ್ತು ವರ್ಷಗಳಲ್ಲಿ ಮತ್ತೆ ಅದೇ ಸಂಖ್ಯೆ. ತಿನ್ನುವ ಬಾಯಿಗಳ ಜೊತೆಗೆ ದುಡಿಯುವ ಕೈಗಳೂ ಹೋಗುತ್ತವೆ ಎಂಬುದು ಬೇರೆ ಮಾತು. ಇಷ್ಟು ಸರಳವಾದ ಲೆಕ್ಕವನ್ನು ಎದುರಿಗಿಡಲು ಅಷ್ಟು ಮಂದಿ ಬುದ್ಧಿವಂತರಲ್ಲಿ ಒಬ್ಬರಿಗೂ ಪುರಸೊತ್ತಿಲ್ಲ. “ನಿನಗೆ ಹುಚ್ಚು” ಎಂದು ಬೈಯುತ್ತಾರೆಯೇ ಹೊರತು ವಾದ ಮಾಡುವುದಿಲ್ಲ. ಖಳನನ್ನು ಕತೆಯ ನಡುವೆ ಕೂರಿಸಿದ ಮೇಲೆ ಅವನಿಗೆ ಸಮನಾಗಿ ಅರ್ಥ ಹೇಳಬಲ್ಲ ಎದುರಾಳಿಯೂ ಬೇಕಿತ್ತು.

ಕತ್ತರಿಕೋಣೆ

ರೋಜರ್ಸ್ ಮತ್ತು ಹಲ್ಕ್ ವಿಷಯದಲ್ಲಿ ನನ್ನ ಬಳಿ ಸಮರ್ಥನೆಯಿಲ್ಲ. ಜನಸಂಖ್ಯೆಯ ಲೆಕ್ಕವನ್ನೂ ಒಪ್ಪುತ್ತೇನೆ. ಆದರೆ ಎದುರಾಳಿಗಳು ಏನೂ ಹೇಳುವುದಿಲ್ಲ ಎನ್ನಲಾರೆ. ಒಂದು ಜೀವವನ್ನು ಕೊಟ್ಟು ಹಲವು ಜೀವಗಳನ್ನು ಉಳಿಸಬಹುದೇ ಎಂಬ ಪ್ರಶ್ನೆ ಪ್ರತಿಯೊಂದು ಗುಂಪಿನ ಮುಂದೆಯೂ ಬರುತ್ತದೆ. ಹಣೆಯಲ್ಲಿ ಒಂದು ಮಣಿಯಿರುವ ವಿಷನ್, ತನ್ನನ್ನು ನಾಶಮಾಡಿ ಎಂದಾಗ ರೋಜರ್ಸ್ ಒಪ್ಪುವುದಿಲ್ಲ. ಸ್ಟಾರ್ಕ್‌ನನ್ನು ಬೇಕಾದರೆ ಸಾಯಲು ಬಿಡುತ್ತೇನೆ, ಮಣಿಯನ್ನು ಕೊಡುವುದಿಲ್ಲ ಎಂದಿದ್ದ ಮಾಂತ್ರಿಕ ಸ್ಟ್ರೇಂಜ್, ಅದೇ ಸ್ಟಾರ್ಕ್‌ನ ಜೀವಕ್ಕಾಗಿ ಮಣಿಯನ್ನು ಕೊಟ್ಟುಬಿಡುತ್ತಾನೆ. 1 ಕೋಟಿ 40 ಲಕ್ಷದ 605 ಭವಿಷ್ಯಗಳನ್ನು ನೋಡಿ ಬಂದವನ ಲೆಕ್ಕಾಚಾರ ಅದು ಎಂಬುದು ನಿಜ, ಆದರೂ ಆ ಘಳಿಗೆಯಲ್ಲಿ ನಮಗೆ ಕಾಣುವುದು ಒಬ್ಬನನ್ನು ಉಳಿಸಿದ್ದು. ಅವರ ವಾದ ಮಾತಿನಲ್ಲಿಲ್ಲ, ಹೀಗೆ ಮತ್ತೆ ಮತ್ತೆ ಲೆಕ್ಕ ತಪ್ಪುವುದರಲ್ಲಿದೆ. ಟೈಟನ್‌ನಲ್ಲಿ ಥಾನೋಸ್‌ನ ಮಣಿಗಳ ಕೈಗವಚ ಇನ್ನೇನು ಕಳಚಬೇಕು ಎನ್ನುವಾಗ ಗಮೋರಾಳ ಪ್ರಿಯಕರ ಕ್ವಿಲ್ ಸಿಟ್ಟಿನಿಂದ ಹೊಡೆದು ಎಲ್ಲವನ್ನೂ ಕೆಡಿಸುವುದನ್ನು ಅನೇಕರು ಚಿತ್ರಕಥೆಯ ತಪ್ಪು ಎನ್ನುತ್ತಾರೆ. ನನಗೆ ಹಾಗನ್ನಿಸಿಲ್ಲ. ಥಾನೋಸ್‌ನ ಸಾಕುಮಗಳಾದ ಗಮೋರಾಳ ಕೋರಿಕೆಯಂತೆ ಅವಳ ಮೇಲೆಯೇ ಗುಂಡು ಹಾರಿಸಲು ಬಂದೂಕಿನ ಕುದುರೆ ಎಳೆದವನು ಆತ. ಅವಳು ಸತ್ತಳೆಂದು ಕೇಳಿದ ಮೇಲೆ ತಣ್ಣಗೆ ನಿಂತಿದ್ದರೆ ಅದು ತಪ್ಪಾಗುತ್ತಿತ್ತು.

ಬಾಲ್ಕನಿ42

ಥಾನೋಸ್ ಚಿಟಿಕೆ ಹೊಡೆದು ಅರ್ಧ ಜೀವಕೋಟಿಯನ್ನು ಅಳಿಸಿದ ನಂತರದ ಸಾವುಗಳ ಬಗ್ಗೆ ಯಾರೂ ಬರೆದಿಲ್ಲ. ಸ್ಪೈಡರ್‌ಮ್ಯಾನ್‌ನ ಮುಂದಿನ ಚಿತ್ರ 2019ರ ಜುಲೈನಲ್ಲಿ ಬರುತ್ತದೆ ಎಂಬುದು ಆಗಲೇ ಪ್ರಕಟವಾಗಿತ್ತು, ವಕಾಂಡಾದ ರಾಜ ಟಿಚಾಲಾನ ಚಿತ್ರ ಬಂದು ಎರಡು ತಿಂಗಳಷ್ಟೇ ಆಗಿತ್ತು. ಇವರು ಬೂದಿಯಾದರೆ ನಂಬುವವರು ಯಾರು? ಆದರೂ ಬಿದ್ದ ತನ್ನ ಸೇನಾನಿ ಒಕೊಯೆಯತ್ತ ಕೈ ಚಾಚಿ, ಸಾಯುವ ಜಾಗ ಇದಲ್ಲ ಎನ್ನುತ್ತಿರುವಾಗಲೇ ಟಿಚಾಲಾ ತಾನೇ ಬೂದಿಯಾಗಿ ಹೋಗುವಲ್ಲಿ ನಮ್ಮ ಚಿತ್ರಮಂದಿರದಲ್ಲಿ ಪಾಪ್‌ಕಾರ್ನ್ ಪೊಟ್ಟಣದ ಸದ್ದೂ ನಿಂತಿತ್ತು. ಹಿನ್ನೆಲೆ ಸಂಗೀತವನ್ನು ಬಹುಪಾಲು ತಡೆಹಿಡಿದದ್ದರ ಫಲ ಅದು ಎಂದುಕೊಂಡಿದ್ದೇನೆ.

ಹಿಂದಿನಸಾಲು

ಎಲ್ಲರಿಗೂ ಧನ್ಯವಾದಗಳು. ನಿಮ್ಮ ಮಾತುಗಳನ್ನು ಓದಿದ ಮೇಲೆ ಅಕ್ಕ ಎಲ್ಲೆಲ್ಲಿ ಮೊಬೈಲ್ ಕೈಗೆತ್ತಿಕೊಂಡಳು ಎಂದು ನೆನಪಿಸಿಕೊಂಡೆ. ವಕಾಂಡಾ ಯುದ್ಧದ ಉದ್ದಕ್ಕೂ ಅದು ಅವಳ ಕೈಯಲ್ಲಿಯೇ ಇತ್ತು. ಥಾರ್ ಕೊಡಲಿ ಹಿಡಿದು ಇಳಿದಾಗಲೂ ತಲೆಯೆತ್ತಲಿಲ್ಲ, ನಾನೊಬ್ಬನೇ ಚಪ್ಪಾಳೆ ಹೊಡೆದೆ. ಆದರೆ ಗಮೋರಾಳ ಬಾಲ್ಯದ ದೃಶ್ಯ ಬಂದಾಗ ಮೊಬೈಲ್ ಕೆಳಗಿಟ್ಟಳು. ಥಾನೋಸ್ ಆ ಪುಟ್ಟ ಹುಡುಗಿಯ ಬೆರಳ ಮೇಲೆ ಎರಡು ಅಲಗಿನ ಚಾಕುವನ್ನು ತೂಗಿ ನಿಲ್ಲಿಸುವುದನ್ನು ಕಲಿಸುತ್ತಾನೆ. ಅತ್ತ ಅವಳ ಊರಿನವರನ್ನು ಕೊಲ್ಲುವ ಸದ್ದಾಗುತ್ತಿದ್ದಂತೆ ಅವಳ ಮುಖವನ್ನು ಚಾಕುವಿನ ಕಡೆಗೇ ತಿರುಗಿಸುತ್ತಾನೆ. ಮುಂದೆ ಥಾನೋಸ್ ಅವಳನ್ನು ಬಲಿಕೊಡಲು ಹೊರಟ ವೋರ್ಮಿರ್ ಗ್ರಹದ ಬಂಡೆಯ ಅಂಚಿನಲ್ಲಿ ಅವಳು ಚಾಕು ಕಿತ್ತುಕೊಂಡು ತನ್ನನ್ನೇ ಇರಿದುಕೊಳ್ಳಲು ಹೋಗಿ, ಅದು ಗುಳ್ಳೆಗಳಾಗಿ ಹಾರಿಹೋದಾಗ ಅಕ್ಕ “ಅಯ್ಯೋ” ಎಂದದ್ದು ಕೇಳಿಸಿತು. ಗಮೋರಾ ಹಿಂದೆ ಯಾವ ಚಿತ್ರದಲ್ಲಿದ್ದಳು ಎಂದು ಆಗಲೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಸ್ಪೈಡರ್‌ಮ್ಯಾನ್ ಬೂದಿಯಾದಾಗ ಮಾತ್ರ ನನ್ನ ಕಡೆ ತಿರುಗಿ, “ಇವನು ವಾಪಸ್ ಬರುತ್ತಾನೆ, ಅಲ್ಲವಾ?” ಎಂದಳು.