ಎ-ಕ್ಲಾಸ್ ಹ್ಯಾಚ್‌ಬ್ಯಾಕ್: ಬೇರಿಂಗ್ ಬದಲಿಸಿದ ಮೇಲೆ ಎಬಿಎಸ್, ಇಎಸ್‌ಪಿ ಲೈಟ್ ಆರುತ್ತಿಲ್ಲ

ಸಪ್ತಾಪುರ_ಹ್ಯಾಚ್ (ಧಾರವಾಡ)

ಎಲ್ಲರಿಗೂ ನಮಸ್ಕಾರ. ಗಾಡಿ ಮರ್ಸಿಡಿಸ್ ಎ-ಕ್ಲಾಸ್, 2014ರ ಡೀಸೆಲ್. ಡಬ್ಲ್ಯು176 ಅಂತಾರಲ್ಲ, ಆ ಮಾಡೆಲ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ದಿನಾ ಧಾರವಾಡ-ಹುಬ್ಬಳ್ಳಿ ಓಡಾಟ, ಆಗಾಗ ಅಣ್ಣಿಗೇರಿ ಕಡೆ ಹೊಲಕ್ಕೆ.

ಈ ಮಳೆಗಾಲದಲ್ಲಿ ಮುಂದಿನ ಎಡಗಾಲಿಯಿಂದ ಗುಂಯ್ ಅನ್ನೋ ಸದ್ದು ಶುರುವಾಯಿತು. ಸ್ಪೀಡ್ ಅರವತ್ತು ದಾಟಿದರೆ ಜಾಸ್ತಿ, ಸ್ಟೀರಿಂಗ್ ಬಲಕ್ಕೆ ತಿರುಗಿಸಿದರೆ ಇನ್ನೂ ಜೋರು. ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ವೀಲ್ ಬೇರಿಂಗ್ ಹೋಗಿದೆ ಅಂದರು, ಬದಲಿಸಿ ಕೊಟ್ಟರು. ಸದ್ದು ಪೂರ್ತಿ ನಿಂತಿತು. ಆದರೆ ಗ್ಯಾರೇಜಿನ ಗೇಟ್ ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಮೀಟರಿನಲ್ಲಿ ಎಬಿಎಸ್, ಇಎಸ್‌ಪಿ ಎರಡೂ ಲೈಟ್ ಹತ್ತಿಕೊಂಡವು. ಎಬಿಎಸ್ ಅಂದರೆ ಜೋರು ಬ್ರೇಕಿನಲ್ಲಿ ಗಾಲಿ ಲಾಕ್ ಆಗದ ಹಾಗೆ ನೋಡಿಕೊಳ್ಳೋದು, ಇಎಸ್‌ಪಿ ಅಂದರೆ ಗಾಡಿ ಜಾರದ ಹಾಗೆ ಹಿಡಿಯೋದು. ಈಗ ಕ್ರೂಸ್ (ಒಂದೇ ಸ್ಪೀಡಿನಲ್ಲಿ ಗಾಡಿ ತಾನಾಗಿ ಓಡೋದು) ಹಿಡಿಯಲ್ಲ, ಸಿಗ್ನಲ್‌ನಲ್ಲಿ ಇಂಜಿನ್ ತಾನಾಗಿ ಬಂದ್ ಆಗೋದೂ ನಿಂತಿದೆ, ಏರಿನಲ್ಲಿ ಗಾಡಿ ಹಿಡಿದು ನಿಲ್ಲಿಸೋ ಸೌಲಭ್ಯವೂ ಇಲ್ಲ. ವಾಪಸ್ ಹೋಗಿ ಕೇಳಿದರೆ, "ಬೇರಿಂಗಿಗೂ ಇದಕ್ಕೂ ಸಂಬಂಧ ಇಲ್ಲ, ಎಬಿಎಸ್ ಯುನಿಟ್ ಹೋಗಿದೆ" ಅಂತಾರೆ. ಅವರು ಹೇಳಿದ ರೇಟಿಗೆ ಒಂದು ಒಳ್ಳೆ ಬೈಕ್ ಬರುತ್ತದೆ.

ನಿಜವಾಗಿ ಯುನಿಟ್ ಇರಬಹುದಾ? ಅಲ್ಲಿಯವರೆಗೆ ಹೀಗೇ ಓಡಿಸಬಹುದಾ? ಇನ್ನೊಂದು, ನಮ್ಮ ಮಾವ "ಅದು ಮೊದಲಿಂದಲೂ ಪಲ್ಟಿ ಹೊಡೆಯೋ ಕಾರು, ಇಎಸ್‌ಪಿ ಇಲ್ಲದೆ ಮುಟ್ಟಬೇಡ" ಅಂತ ಮನೆಯವರನ್ನೆಲ್ಲ ಹೆದರಿಸಿಟ್ಟಿದ್ದಾರೆ. ಅದರಲ್ಲಿ ಎಷ್ಟು ನಿಜ?

ಕೇಶ್ವಾಪುರ_ಟರ್ಬೊ

ಮೊದಲು ಬ್ಯಾಟರಿ ನೋಡಿ. ಇಂಥ ಗಾಡಿಗಳಲ್ಲಿ ಬ್ಯಾಟರಿ ಸೋತರೆ ಇಲ್ಲದ ಲೈಟೆಲ್ಲ ಹತ್ತುತ್ತವೆ. ಕೆಲಸ ಮಾಡುವಾಗ ಬ್ಯಾಟರಿ ಟರ್ಮಿನಲ್ ಬಿಚ್ಚಿದ್ದರೆ ಸ್ಟೀರಿಂಗ್ ಎಷ್ಟು ತಿರುಗಿದೆ ಅಂತ ಅಳೆಯುವ ಸ್ಟೀರಿಂಗ್ ಆಂಗಲ್ ಸೆನ್ಸರ್ ತನ್ನ ಸೊನ್ನೆ ಮರೆತಿರುತ್ತದೆ. ಇಂಜಿನ್ ಚಾಲೂ ಇಟ್ಟು ಸ್ಟೀರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಹೋಗುತ್ತದೆ.

ಗೋಕುಲರೋಡ್_ಮಿಸ್ತ್ರಿ

ಸರ್, ಒಂದೇ ಪ್ರಶ್ನೆ. ಕೀ ಆನ್ ಮಾಡಿದ ಕೂಡಲೇ ಲೈಟ್ ಹತ್ತಿ ಹಾಗೇ ಉಳಿಯುತ್ತವಾ? ಇಲ್ಲ ಒಮ್ಮೆ ಆರಿ, ಗಾಡಿ ಉರುಳಿದ ಮೇಲೆ ಹತ್ತುತ್ತವಾ? ಇದನ್ನು ಸರಿಯಾಗಿ ನೋಡಿ ಹೇಳಿ. ಇದರ ಮೇಲೇ ಎಲ್ಲ ನಿಂತಿದೆ.

ಸಪ್ತಾಪುರ_ಹ್ಯಾಚ್

ಬ್ಯಾಟರಿ ನೋಡಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ 12.5 ವೋಲ್ಟ್, ಚಾಲೂ ಇದ್ದಾಗ 14.2. ಸ್ಟೀರಿಂಗ್ ಆ ಕಡೆ ಈ ಕಡೆ ತಿರುಗಿಸಿದ್ದೂ ಆಯಿತು, ಏನೂ ಬದಲಾಗಲಿಲ್ಲ.

ಮಿಸ್ತ್ರಿ ಅವರೇ, ಕೀ ಆನ್ ಮಾಡಿದಾಗ ಎಲ್ಲ ಲೈಟ್ ಹತ್ತಿ ಮಾಮೂಲಿನ ಹಾಗೆ ಆರುತ್ತವೆ. ನಿಂತಲ್ಲೇ ಎಷ್ಟು ಹೊತ್ತು ಇಂಜಿನ್ ಚಾಲೂ ಇಟ್ಟರೂ ಬರಲ್ಲ. ನಮ್ಮ ಓಣಿ ದಾಟಿ ಮೇನ್ ರೋಡಿಗೆ ಬರುವಾಗ, ಹದಿನೈದು ಇಪ್ಪತ್ತರ ಸ್ಪೀಡಿನಲ್ಲಿ ಬರುತ್ತವೆ.

ಗೋಕುಲರೋಡ್_ಮಿಸ್ತ್ರಿ

ಹಾಗಾದರೆ ಯುನಿಟ್ ಮಾತು ಸದ್ಯಕ್ಕೆ ಬಿಡಿ.

ಕೀ ಆನ್ ಆದ ಕೂಡಲೇ ಯುನಿಟ್ ತನ್ನನ್ನೂ, ಗಾಲಿಯ ಸ್ಪೀಡ್ ನೋಡುವ ನಾಲ್ಕೂ ಸೆನ್ಸರಿನ ವೈರನ್ನೂ ಪರೀಕ್ಷೆ ಮಾಡಿಕೊಳ್ಳುತ್ತದೆ. ವೈರ್ ಕಟ್ ಆಗಿದ್ದರೆ, ಕನೆಕ್ಟರ್ ಕೂತಿರದಿದ್ದರೆ, ಯುನಿಟ್ಟೇ ಸತ್ತಿದ್ದರೆ ಸಾಮಾನ್ಯವಾಗಿ ಆಗಲೇ ಗೊತ್ತಾಗುತ್ತದೆ, ಲೈಟ್ ಆರುವುದೇ ಇಲ್ಲ. ನಿಮ್ಮದು ಆ ಪರೀಕ್ಷೆ ಪಾಸಾಗಿದೆ. ಗಾಡಿ ಓಡಿದ ಮೇಲೆ ಮೂರು ಗಾಲಿಯಿಂದ ಸ್ಪೀಡ್ ಬರುತ್ತಿದೆ, ನಾಲ್ಕನೆಯದು ನಿಂತೇ ಇದೆ ಅನ್ನುತ್ತಿದೆ. ಅದಕ್ಕೆ ಯುನಿಟ್ ಕೈ ಎತ್ತುತ್ತದೆ. ಆ ನಾಲ್ಕನೆಯ ಗಾಲಿ ಯಾವುದು ಅಂತ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಓದುವ ಯಂತ್ರ) ಹೇಳಲಿ, ಆದರೆ ನನಗೆ ಅನುಮಾನ ಈಗಷ್ಟೇ ಕೈ ಹಾಕಿದ ಗಾಲಿಯ ಮೇಲೆ.

ಬೇರಿಂಗಿಗೂ ಇದಕ್ಕೂ ಸಂಬಂಧ ಇಲ್ಲ ಅನ್ನೋದು ಹಳೇ ಕಾಲದ ಮಾತು. ಮೊದಲು ಹಬ್ಬಿನ ಮೇಲೋ ಆಕ್ಸಲ್ ಮೇಲೋ ಹಲ್ಲು ಇರೋ ಕಬ್ಬಿಣದ ರಿಂಗ್ ಇರುತ್ತಿತ್ತು, ಕಣ್ಣಿಗೆ ಕಾಣುತ್ತಿತ್ತು. ಈಗಿನ ಬಹಳಷ್ಟು ಕಾರುಗಳಲ್ಲಿ ಆ ರಿಂಗ್ ಬೇರಿಂಗಿನ ಸೀಲ್ ಒಳಗೇ ಸೇರಿದೆ. ನೋಡೋಕೆ ಸುಮ್ನೆ ಕಪ್ಪು ರಬ್ಬರ್ ಸೀಲ್. ಆದರೆ ಅದರಲ್ಲಿ ಉತ್ತರ ದಕ್ಷಿಣ, ಉತ್ತರ ದಕ್ಷಿಣ ಅಂತ ಸುತ್ತಲೂ ಸಣ್ಣ ಸಣ್ಣ ಅಯಸ್ಕಾಂತದ ಪಟ್ಟಿಗಳಿವೆ. ಗಾಲಿ ತಿರುಗಿದಾಗ ಸೆನ್ಸರ್ ಇವನ್ನು ಎಣಿಸುತ್ತದೆ. ಈ ಸೀಲ್ ಬೇರಿಂಗಿನ ಒಂದೇ ಮಗ್ಗುಲಿಗೆ ಇರುತ್ತದೆ. ಪ್ರೆಸ್ ಮಾಡಿ ಕೂರಿಸುವ ಬೇರಿಂಗನ್ನು ತಿರುವು ಮುರುವು ಕೂರಿಸಿದರೂ ಅದು ಸಲೀಸಾಗಿ ಕೂರುತ್ತದೆ, ಸದ್ದೂ ಹೋಗುತ್ತದೆ. ಸೆನ್ಸರಿಗೆ ಮಾತ್ರ ಎಣಿಸೋಕೆ ಏನೂ ಇರಲ್ಲ.

ಇನ್ನೆರಡು ಸಾಧ್ಯತೆ ಇವೆ. ರಿಂಗ್ ಇಲ್ಲದ ಅಗ್ಗದ ಬೇರಿಂಗ್ ಹಾಕಿರಬಹುದು. ಇಲ್ಲ, ಕೂರಿಸುವಾಗ ಸುತ್ತಿಗೆ ಏಟು ಸೀಲಿಗೆ ಬಿದ್ದಿರಬಹುದು. ಏಟು ಬಿದ್ದಿದ್ದರೆ ಲಕ್ಷಣ ಬೇರೆ: ಗಾಡಿ ಇನ್ನೇನು ನಿಲ್ಲಬೇಕು ಅನ್ನುವಾಗ ಬ್ರೇಕ್ ಪೆಡಲ್ ಕಾಲಿಗೆ ಗುರ್ ಅಂತ ಒದೆಯುತ್ತದೆ. ನಿಮಗೆ ಹಾಗಾಗುತ್ತಾ?

ಒಳ್ಳೆ ಸ್ಕ್ಯಾನರ್ ಇರುವವರ ಹತ್ತಿರ ಹೋಗಿ. ಬರೀ ದೋಷದ ಕೋಡ್ ಓದಿಸಿ ಬರಬೇಡಿ. ಲೈವ್ ಡೇಟಾದಲ್ಲಿ ನಾಲ್ಕೂ ಗಾಲಿಯ ಸ್ಪೀಡ್ ತೆರೆದು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ನಿಧಾನಕ್ಕೆ ಓಡಿಸಿ.

ಗದಗ_ಗೇರ್

ಮಿಸ್ತ್ರಿ ಹೇಳಿದ್ದು ಸರಿ, ಆದರೆ ಬಿಚ್ಚಿಸುವ ಮುಂಚೆ ಸೆನ್ಸರ್ ಒಮ್ಮೆ ತೆಗೆದು ಒರೆಸಿ ನೋಡಿ. ಅಣ್ಣಿಗೇರಿ ಹೊಲದ ರಸ್ತೆ ಅಂದಿರಿ. ನಮ್ಮ ಎರೆ ಮಣ್ಣು ಹಸಿ ಇದ್ದಾಗ ಅಂಟು, ಒಣಗಿದರೆ ಸಿಮೆಂಟು. ನನ್ನ ಗಾಡಿಯದು ಬಿಚ್ಚಿದಾಗ ಸೆನ್ಸರಿನ ತುದಿಗೆ ಕರಿ ಮಣ್ಣು ಟೋಪಿ ಹಾಕಿದ ಹಾಗೆ ಕೂತಿತ್ತು, ಜೊತೆಗೆ ಬ್ರೇಕ್ ಡಿಸ್ಕಿನ ಕಬ್ಬಿಣದ ಪುಡಿ. ಸೆನ್ಸರಿಗೂ ರಿಂಗಿಗೂ ನಡುವೆ ಇರೋ ಸಂದು ಬಹಳ ಸಣ್ಣದು. ಸೆನ್ಸರ್ ಅಷ್ಟು ಮೇಲೆದ್ದರೂ ಸಿಗ್ನಲ್ ತಪ್ಪುತ್ತದೆ. ಸೆನ್ಸರ್ ಕೂರುವ ತೂತನ್ನೂ ಸ್ವಚ್ಛ ಮಾಡಿ. ಆದರೆ ಪ್ರೆಷರ್ ಪೈಪ್ ಆ ತೂತಿಗೆ ನೇರ ಹಿಡಿಯಬೇಡಿ, ಬೇರಿಂಗ್ ಒಳಗೆ ನೀರು ಹೋಗುತ್ತದೆ.

ಸಪ್ತಾಪುರ_ಹ್ಯಾಚ್

ಇವತ್ತು ಹುಬ್ಬಳ್ಳಿಯಲ್ಲಿ ಸ್ಕ್ಯಾನರ್ ಹಚ್ಚಿಸಿದೆ. ನವನಗರದ ಹತ್ತಿರ ಸರ್ವಿಸ್ ರಸ್ತೆಯಲ್ಲಿ ಓಡಿಸಿ ನೋಡಿದೆವು. ಬಲ ಮುಂದೆ 22, ಹಿಂದಿನ ಎರಡೂ 22. ಎಡ ಮುಂದೆ ಸೊನ್ನೆ. ಸ್ಪೀಡ್ ಏರಿಸಿದರೂ ಸೊನ್ನೆಯೇ. ಬ್ರೇಕ್ ಪೆಡಲ್ ಒದೆಯುವುದಿಲ್ಲ. ಸೆನ್ಸರ್ ತೆಗೆದು ಒರೆಸಿದ್ದಾಯಿತು, ಸ್ವಲ್ಪ ಮಣ್ಣಿತ್ತು, ಗದಗದವರು ಹೇಳಿದಷ್ಟು ಇರಲಿಲ್ಲ. ಹೊಸ ಸೆನ್ಸರ್ ಒಂದನ್ನು ಸುಮ್ನೆ ಟ್ರಯಲ್‌ಗೆ ಹಾಕಿ ನೋಡಿದರು. ಆಗಲೂ ಸೊನ್ನೆ.

ಗೋಕುಲರೋಡ್_ಮಿಸ್ತ್ರಿ

ಸೆನ್ಸರ್ ಲೆಕ್ಕದಿಂದ ಹೊರಗೆ. ಈಗ ಖರ್ಚಿಲ್ಲದ ಪರೀಕ್ಷೆ. ಸೆನ್ಸರ್ ಬಿಚ್ಚಿ. ಒಂದು ಸ್ಟೇಪ್ಲರ್ ಪಿನ್ನಿಗೆ ದಾರ ಕಟ್ಟಿ ಆ ತೂತಿನೊಳಗೆ ಇಳಿಸಿ. ಸೀಲಿನ ಮುಖಕ್ಕೆ ಪಿನ್ ಕಚ್ಚಿಕೊಂಡರೆ ರಿಂಗ್ ಈ ಕಡೆ ಇದೆ. ಕಚ್ಚದೆ ಜೋತಾಡಿದರೆ ರಿಂಗ್ ಆ ಕಡೆ ಹೋಗಿದೆ, ಇಲ್ಲ ಬೇರಿಂಗಿನಲ್ಲೇ ಇಲ್ಲ. ದಾರ ಗಟ್ಟಿ ಕಟ್ಟಿ, ಪಿನ್ ಒಳಗೆ ಬೀಳಬಾರದು. ಗಾಲಿ ತಿರುಗಿಸಬೇಡಿ.

ಓಡಿಸಬಹುದಾ ಅಂತ ಕೇಳಿದ್ದಿರಿ. ಸಾದಾ ಬ್ರೇಕ್ ಇದೆ, ಗಾಡಿ ನಿಲ್ಲುತ್ತದೆ. ಆದರೆ ಜೋರಾಗಿ ಒತ್ತಿದರೆ ಗಾಲಿ ಲಾಕ್ ಆಗಿ ಜಾರುತ್ತದೆ, ಆಗ ಸ್ಟೀರಿಂಗ್ ತಿರುಗಿಸಿದರೂ ಗಾಡಿ ತಿರುಗಲ್ಲ. ಊರೊಳಗೆ ನಿಧಾನಕ್ಕೆ ಗ್ಯಾರೇಜಿನವರೆಗೆ ಓಕೆ. ಮಳೆಯಲ್ಲಿ ಬೈಪಾಸ್ ಬೇಡ.

ಹಾವೇರಿ_ಹಳೇಕಾರು

ಮಾವನವರ ಮಾತಿಗೆ ಯಾರೂ ಉತ್ತರ ಕೊಡಲಿಲ್ಲವಲ್ಲ, ನಾನು ಕೊಡುತ್ತೇನೆ. ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅದು ನಿಮ್ಮ ಕಾರಿನ ಅಜ್ಜನ ಕಥೆ.

ಮೊದಲ ಎ-ಕ್ಲಾಸ್, ಡಬ್ಲ್ಯು168, ಮಾರುಕಟ್ಟೆಗೆ ಬಂದಿದ್ದು 1997ರಲ್ಲಿ. ಉದ್ದ ಬರೀ 3575 ಮಿ.ಮೀ. ಅಷ್ಟು ಗಿಡ್ಡ ಕಾರಿನಲ್ಲಿ ದೊಡ್ಡ ಕಾರಿನಷ್ಟು ಸುರಕ್ಷತೆ ಕೊಡಬೇಕು ಅಂತ ನೆಲವನ್ನೇ ಎರಡು ಪದರ ಮಾಡಿದರು. ಇಂಜಿನ್ನನ್ನು ಓರೆಯಾಗಿ ಮಲಗಿಸಿದರು. ಮುಂದಿನಿಂದ ಗುದ್ದಿದರೆ ಇಂಜಿನ್ ಜನರ ಕಾಲಿನ ಮೇಲೆ ಬರದೆ ನೆಲದ ಕೆಳಗೆ ಜಾರಬೇಕು ಅನ್ನೋದು ಲೆಕ್ಕ. ನನ್ನ ಪ್ರಕಾರ ಆ ಕಾಲಕ್ಕೆ ಅದು ಬಹಳ ಜಾಣ ಕೆಲಸ. ಆದರೆ ಎರಡು ಪದರದ ನೆಲ ಅಂದ ಮೇಲೆ ಕೂರುವ ಜಾಗ ಮೇಲಕ್ಕೇರಿತು, ಕಾರು ಎತ್ತರವಾಯಿತು, ಭಾರವೂ ಮೇಲೆ ಹೋಯಿತು.

ಅದೇ ವರ್ಷ ಅಕ್ಟೋಬರಿನಲ್ಲಿ ಸ್ವೀಡನ್ನಿನ ಒಂದು ಕಾರು ಪತ್ರಿಕೆಯವರು ಮೂಸ್ ಟೆಸ್ಟ್ ಮಾಡಿದರು. ಮೂಸ್ ಅಂದರೆ ಅಲ್ಲಿನ ಕಾಡಿನ ದೈತ್ಯ ಜಿಂಕೆ. ರಸ್ತೆಗೆ ಅದು ನುಗ್ಗಿದರೆ ಬ್ರೇಕ್ ಒತ್ತದೆ ಥಟ್ಟನೆ ಪಕ್ಕಕ್ಕೆ ಎಳೆದು, ಮತ್ತೆ ತನ್ನ ಲೇನಿಗೆ ಬರಬೇಕು. ನಮ್ಮಲ್ಲಿ ಮೂಸ್ ಇಲ್ಲದಿದ್ದರೂ ಎಮ್ಮೆ ಇವೆ, ಅಲ್ವಾ? ಗಂಟೆಗೆ ಸುಮಾರು 60 ಕಿ.ಮೀ. ವೇಗದಲ್ಲಿ ಎ-ಕ್ಲಾಸ್ ಮಗುಚಿ ಬಿತ್ತು. ಮರ್ಸಿಡಿಸ್ ಹೆಸರಿಗೇ ಪೆಟ್ಟು. ಕಂಪನಿ ಕಾರು ಕೊಡುವುದನ್ನು ಸುಮಾರು ಮೂರು ತಿಂಗಳು ನಿಲ್ಲಿಸಿತು, ಸಸ್ಪೆನ್ಷನ್ ಬದಲಿಸಿತು, ಎಲ್ಲ ಎ-ಕ್ಲಾಸಿಗೂ ಇಎಸ್‌ಪಿ ಕಡ್ಡಾಯವಾಗಿ ಹಾಕಿತು. ಮೊದಲೇ ಮಾರಿದ್ದ ಕಾರುಗಳನ್ನೂ ಕರೆಸಿ ಸರಿ ಮಾಡಿಕೊಟ್ಟಿತು.

ಇಎಸ್‌ಪಿ ಅನ್ನೋದು ಬಾಷ್ ಜೊತೆ ಸೇರಿ ಮಾಡಿ, 1995ರಲ್ಲಿ ಮರ್ಸಿಡಿಸ್‌ನ ದೊಡ್ಡ ಎಸ್-ಕ್ಲಾಸ್‌ಗೆ ಮೊದಲು ಕೊಟ್ಟ ವ್ಯವಸ್ಥೆ. ಆಗ ಅದು ಸಾಹುಕಾರರ ಸಾಮಾನು. ಈ ಪಲ್ಟಿಯಿಂದಾಗಿ ಸಣ್ಣ ಹ್ಯಾಚ್‌ಬ್ಯಾಕಿಗೂ ಬಂತು, ಆಮೇಲೆ ಬೇರೆ ಕಂಪನಿಗಳೂ ಸಣ್ಣ ಕಾರಿಗೆ ಕೊಡಬೇಕಾಯಿತು. ಸ್ಟೀರಿಂಗ್ ಎತ್ತ ತಿರುಗಿದೆ, ಗಾಡಿ ನಿಜಕ್ಕೂ ಎತ್ತ ತಿರುಗುತ್ತಿದೆ ಅಂತ ಹೋಲಿಸಿ ನೋಡುತ್ತದೆ. ಹಿಂಭಾಗ ಜಾರಿದರೆ ಹೊರಬದಿಯ ಮುಂದಿನ ಗಾಲಿಗೆ ಬ್ರೇಕ್ ಹಾಕುತ್ತದೆ. ಮುಂಭಾಗ ಹಿಡಿತ ತಪ್ಪಿದರೆ ಒಳಬದಿಯ ಹಿಂದಿನ ಗಾಲಿಗೆ. ನಾಲ್ಕು ಗಾಲಿಯ ಸ್ಪೀಡ್ ಗೊತ್ತಿಲ್ಲದೆ ಈ ಕೆಲಸ ಆಗಲ್ಲ. ಅದಕ್ಕೇ ನಿಮ್ಮದು ಒಂದು ಗಾಲಿ ತಪ್ಪಿದ್ದಕ್ಕೆ ಎಲ್ಲ ಬಂದ್.

ನಿಮ್ಮ ಡಬ್ಲ್ಯು176 ಅನ್ನು 2012ರ ಜಿನೀವಾ ಮೋಟಾರ್ ಶೋದಲ್ಲಿ ತೋರಿಸಿದರು, 2013ರಲ್ಲಿ ಭಾರತಕ್ಕೆ ಬಂತು. ಎರಡು ಪದರದ ನೆಲವನ್ನೇ ಕೈಬಿಟ್ಟರು. ಉದ್ದ 4292 ಮಿ.ಮೀ. ಆಯಿತು, ಎತ್ತರ ಹಿಂದಿನ ಮಾಡೆಲ್‌ಗಿಂತ ಸುಮಾರು 16 ಸೆಂ.ಮೀ. ಇಳಿಯಿತು. ನೆಲಕ್ಕೆ ಅಂಟಿಕೊಂಡು ಓಡುತ್ತದೆ. ಪಲ್ಟಿ ಭಯ ಬಿಡಿ, ನಮ್ಮ ಹಂಪ್‌ಗಳಿಗೆ ಹೊಟ್ಟೆ ತಾಗುವ ಭಯ ಇಟ್ಟುಕೊಳ್ಳಿ ಅಂತ ಮಾವನವರಿಗೆ ಹೇಳಿ.

ಸಪ್ತಾಪುರ_ಹ್ಯಾಚ್

ಹಾವೇರಿಯವರಿಗೆ ಥ್ಯಾಂಕ್ಸ್, ಮಾವನಿಗೆ ಓದಿ ಹೇಳಿದೆ. "ನಾನು ಹೇಳಿದ್ದು ಅದನ್ನೇ" ಅಂದರು.

ಮಿಸ್ತ್ರಿ ಅವರೇ, ನೀವು ಹೇಳಿದ್ದೇ ಆಗಿತ್ತು. ಎಡಗಾಲಿಯ ತೂತಿನಲ್ಲಿ ಪಿನ್ ಜೋತಾಡಿತು. ಬಲಗಾಲಿಯಲ್ಲಿ ಇಳಿಸಿದ ಕೂಡಲೇ ಟಕ್ ಅಂತ ಕಚ್ಚಿತು. ಬೇರೆ ಗ್ಯಾರೇಜಿನಲ್ಲಿ ಬಿಚ್ಚಿಸಿದೆ. ಬೇರಿಂಗ್ ಉಲ್ಟಾ ಕೂತಿತ್ತು, ಕಪ್ಪು ಸೀಲ್ ಹೊರಗಡೆ ಮುಖ ಮಾಡಿತ್ತು. ಅದನ್ನೇ ತಿರುಗಿಸಿ ಹಾಕಿ ಅಂದೆ, ಅವರು ಒಪ್ಪಲಿಲ್ಲ, ಹೊಸದೇ ಹಾಕಿದರು. ಲೈಟ್ ಎರಡೂ ಆರಿವೆ, ಕ್ರೂಸ್ ಹಿಡಿಯುತ್ತಿದೆ. ಮೊದಲಿನ ಗ್ಯಾರೇಜಿನವರು ಹಳೇ ಬೇರಿಂಗ್ ನೋಡಿ ಅದರ ದುಡ್ಡು ವಾಪಸ್ ಕೊಟ್ಟರು. ಕೂಲಿ ಕೊಡಲಿಲ್ಲ, ನಾನೂ ಜಗ್ಗಾಡಲಿಲ್ಲ.

ಗೋಕುಲರೋಡ್_ಮಿಸ್ತ್ರಿ

ಒಪ್ಪದಿದ್ದದ್ದೇ ಸರಿ. ಕೂತ ಬೇರಿಂಗನ್ನು ಹೊರಗೆ ಒತ್ತುವಾಗ ಆ ಜೋರೆಲ್ಲ ಒಳಗಿನ ಗುಂಡುಗಳ ಮೇಲೆ ಬೀಳುತ್ತದೆ. ಮತ್ತೆ ಹಾಕಿದರೆ ಸ್ವಲ್ಪ ದಿನಕ್ಕೆ ಅದೇ ಗುಂಯ್ ಸದ್ದು. ಆಕ್ಸಲ್ ನಟ್ ಅಥವಾ ಬೋಲ್ಟ್ ಹೊಸದು ಹಾಕಿದ್ದಾರಾ, ಟಾರ್ಕ್ ರೆಂಚ್‌ನಿಂದಲೇ ಬಿಗಿದಿದ್ದಾರಾ ಅಂತ ಕೇಳಿಕೊಳ್ಳಿ. ಗಾಲಿಗಳ ಅಲೈನ್‌ಮೆಂಟ್ ಒಮ್ಮೆ ನೋಡಿಸಿ.

ರಾಣೆಬೆನ್ನೂರು_ರೈಡರ್

ನನ್ನದು ಬೇರೆ ಕಂಪನಿ ಹ್ಯಾಚ್‌ಬ್ಯಾಕ್. ಎಬಿಎಸ್ ಲೈಟ್ ಕೀ ಆನ್ ಮಾಡಿದಾಗಿಂದಲೇ ಇದೆ, ಆರುವುದೇ ಇಲ್ಲ. ಬೇರಿಂಗ್ ಮುಟ್ಟಿಲ್ಲ. ಇದೂ ಅದೇನಾ?

ಗೋಕುಲರೋಡ್_ಮಿಸ್ತ್ರಿ

ಅಲ್ಲ. ನಿಮ್ಮದು ವೈರ್ ಕಡೆ. ಮೊದಲು ಎಬಿಎಸ್ ಫ್ಯೂಸ್ ನೋಡಿ. ಆಮೇಲೆ ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ, ಮುಂದಿನ ಗಾಲಿಯ ಹಿಂದೆ ಸೆನ್ಸರ್ ವೈರ್ ಮಡಚುವ ಜಾಗ ಬೆರಳಲ್ಲಿ ಬಗ್ಗಿಸಿ ನೋಡಿ. ಹೊರಗಿನ ರಬ್ಬರ್ ಚೆನ್ನಾಗಿದ್ದು ಒಳಗೆ ತಂತಿ ತುಂಡಾಗಿರುತ್ತದೆ. ಕನೆಕ್ಟರ್ ತೆಗೆದು ಹಸಿರು ಪಾಚಿ ಕಟ್ಟಿದೆಯಾ ಅಂತಲೂ ನೋಡಿ. ಫೋಟೋ ಹಾಕಿ, ಹೊಸ ಚರ್ಚೆ ಶುರು ಮಾಡಿದರೆ ಒಳ್ಳೆಯದು.